ಏರುದಾರಿಯ ಸೈಕಲ್ಲಿಗೆ ಎರಡು ಲೆಕ್ಕ

ನೀಲಗಿರಿಯಲ್ಲಾಗಲಿ ವಯನಾಡಿನಲ್ಲಾಗಲಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ದಾರಿಯ ಉದ್ದಕ್ಕಿಂತ ಅದರ ಏರೇ ದೊಡ್ಡ ಕಷ್ಟ. ಗೇರಿನ ಸೈಕಲ್ ಕೊಡಿಸಿದ ಮೇಲೂ ಕಡಿದಾದ ಏರಿನಲ್ಲಿ ಮಗು ಇಳಿದು ತಳ್ಳುತ್ತಿದ್ದರೆ, ಹಿಂದಿನ ಹಲ್ಲುಗಾಲಿಗಳ ಗೊಂಚಲನ್ನು ತೆಗೆಸಿ ಇನ್ನೂ ದೊಡ್ಡದನ್ನು ಹಾಕಿಸುವ ಯೋಚನೆ ಹಿರಿಯರಿಗೆ ಬರುವುದು ಸಹಜ. ಯೋಚನೆ ಸರಿಯೇ. ಆದರೆ ಗೊಂಚಲೊಂದನ್ನೇ ಬದಲಾಯಿಸಿ, ಅದರ ಕೆಳಗೆ ತೂಗುವ ಡಿರೇಲರನ್ನೂ ಚೈನನ್ನೂ ಇದ್ದಂತೆಯೇ ಬಿಟ್ಟರೆ, ಉಳಿಸಿದ ಹಣಕ್ಕಿಂತ ಹೆಚ್ಚಿನದು ಒಂದೇ ತುಳಿತಕ್ಕೆ ಹೋಗಬಹುದು, ಮಗು ಬೀಳಲೂಬಹುದು.

ಸಾಮಾನ್ಯ ಗೇರಿನ ಸೈಕಲ್ಲೊಂದನ್ನು ತೆಗೆದುಕೊಳ್ಳೋಣ. ಮುಂದೆ 42, 34, 24 ಹಲ್ಲುಗಳ ಮೂರು ಗಾಲಿಗಳು. ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗಾಲಿಗಳು. ಚಕ್ರ 26 ಇಂಚಿನದು. ಮುಂದೆ 24, ಹಿಂದೆ 28 ಇರುವಾಗ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.8 ಮೀಟರ್ ಸಾಗುತ್ತದೆ. ಹಿಂದಿನ ದೊಡ್ಡ ಗಾಲಿ 34 ಹಲ್ಲಿನದಾದರೆ ಅದು 1.5 ಮೀಟರಿಗೆ ಇಳಿಯುತ್ತದೆ. ವೇಗ ಕುಗ್ಗುವಷ್ಟೇ ಪ್ರಮಾಣದಲ್ಲಿ ಕಾಲಿನ ಭಾರವೂ ಕುಗ್ಗುತ್ತದೆ: ಆರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ. ಪುಸ್ತಕದ ಚೀಲ ಹೊತ್ತು ಏರು ಹತ್ತುವ ಹನ್ನೆರಡು ವರ್ಷದ ಮಗುವಿಗೆ ಇದು ಸಣ್ಣ ವ್ಯತ್ಯಾಸವಲ್ಲ. (ಸೊಲ್ಲಾಪುರದ ಬಯಲಿನಲ್ಲಿ ಓಡುವ ಸೈಕಲ್ಲಿಗೆ ಈ ಖರ್ಚು ಬೇಕಿಲ್ಲ.)

ಇನ್ನು ಡಿರೇಲರಿನ ಮಾತು. ಎರಡು ಪುಟ್ಟ ರಾಟೆಗಳಿರುವ ಅದರ ತೋಳು ಎರಡು ಕೆಲಸಗಳನ್ನು ಮಾಡುತ್ತದೆ. ಮೇಲಿನ ರಾಟೆ ಚೈನನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಸ್ಪ್ರಿಂಗಿನ ಬಲದಿಂದ ಹಿಂದಕ್ಕೆಳೆಯುವ ಇಡೀ ತೋಳು, ಚಿಕ್ಕ ಗಾಲಿಗಳ ಮೇಲೆ ಓಡುವಾಗ ಮಿಗುವ ಚೈನನ್ನು ಬಿಗಿಯಾಗಿ ಹಿಡಿದಿಡುತ್ತದೆ. ಈ ಎರಡು ಕೆಲಸಗಳಿಗೂ ಒಂದೊಂದು ಮಿತಿ ಇದೆ. ತಯಾರಕರು ಪ್ರತಿಯೊಂದು ಮಾದರಿಗೂ ಆ ಎರಡು ಅಂಕಿಗಳನ್ನು ಪ್ರಕಟಿಸುತ್ತಾರೆ.

ಮೊದಲನೆಯದು, ಮೇಲಿನ ರಾಟೆ ಎಷ್ಟು ದೊಡ್ಡ ಗಾಲಿಯ ಕೆಳಗೆ ತಾಗದೆ ನಿಲ್ಲಬಲ್ಲದು ಎಂಬುದು. ಹಳೆಯ ಡಿರೇಲರುಗಳಲ್ಲಿ ರಾಟೆ ಹೆಚ್ಚುಕಡಿಮೆ ಅಡ್ಡಡ್ಡವಾಗಿಯೇ ಚಲಿಸುತ್ತಿತ್ತು. ಹಿಂಗಾಲಿಗಳ ಗೊಂಚಲಾದರೋ ಗೋಪುರದಂತೆ ಇಳಿಜಾರಾಗಿರುತ್ತದೆ. 1964ರಲ್ಲಿ ಜಪಾನಿನ ಸನ್‌ಟೂರ್ ಸಂಸ್ಥೆ ಡಿರೇಲರಿನ ಚೌಕಟ್ಟನ್ನೇ ಓರೆಯಾಗಿಸಿ, ರಾಟೆಯು ಆ ಇಳಿಜಾರನ್ನು ಅನುಸರಿಸಿ ಚಲಿಸುವಂತೆ ಮಾಡಿತು. ಅದರ ಪೇಟೆಂಟಿನ ಅವಧಿ ಮುಗಿದ ಮೇಲೆ ಉಳಿದವರೂ ಅದನ್ನೇ ಅನುಸರಿಸಿದರು. ಈ ಓರೆ ಎಲ್ಲ ಮಾದರಿಗಳಲ್ಲಿಯೂ ಒಂದೇ ಅಲ್ಲ. 28 ಹಲ್ಲಿಗೆಂದು ರೂಪಿಸಿದ್ದನ್ನು ಹಿಂಬದಿಯ ಸಣ್ಣ ತಿರುಪಿನಿಂದ ಕೆಳಕ್ಕೆ ಸರಿಸಿ ಒಂದೆರಡು ಹಲ್ಲು ಹೆಚ್ಚಿಗೆ ಒಗ್ಗಿಸಬಹುದೇ ಹೊರತು ಆರು ಹಲ್ಲಿಗೆ ಒಗ್ಗಿಸುವುದು ಸಾಧ್ಯವಿಲ್ಲ.

ಎರಡನೆಯದು ತೋಳಿನ ಒಟ್ಟು ಸಾಮರ್ಥ್ಯ. ಇದಕ್ಕೆ ಬೇಕಾದದ್ದು ಪ್ರಾಥಮಿಕ ಶಾಲೆಯ ಗಣಿತ ಮಾತ್ರ; ಮಕ್ಕಳೇ ಹಲ್ಲು ಎಣಿಸಿ ಲೆಕ್ಕ ಹಾಕಲಿ. ಮುಂದಿನ ದೊಡ್ಡ ಗಾಲಿಯಿಂದ ಮುಂದಿನ ಚಿಕ್ಕದನ್ನು ಕಳೆಯಬೇಕು. ಹಿಂದೆಯೂ ಹಾಗೆಯೇ ಕಳೆಯಬೇಕು. ಎರಡು ಉತ್ತರಗಳನ್ನೂ ಕೂಡಿಸಬೇಕು. ನಮ್ಮ ಸೈಕಲ್ಲಿನಲ್ಲಿ ಮುಂದೆ 18, ಹಿಂದೆ 14, ಒಟ್ಟು 32. ಗೊಂಚಲು 14ರಿಂದ 34ರದ್ದಾದರೆ ಒಟ್ಟು 38. ಈಗಿರುವ ಡಿರೇಲರಿನ ಮಿತಿ 28 ಹಲ್ಲು, ಸಾಮರ್ಥ್ಯ 34 ಎಂದಿದ್ದರೆ ಅದು ಎರಡು ಪರೀಕ್ಷೆಗಳಲ್ಲಿಯೂ ಅನುತ್ತೀರ್ಣ. ಶಿಮಾನೊ ಸಂಸ್ಥೆಯ ಟೂರ್ನಿ ಸಾಲಿನ ಟಿವೈ 300 ಮಾದರಿಯ ಅಂಕಿಗಳು 34 ಮತ್ತು 43. ಎರಡರಲ್ಲಿಯೂ ಅದು ತೇರ್ಗಡೆಯಾಗುತ್ತದೆ. ಕೊಳ್ಳುವ ಮೊದಲು ಹಳೆಯದು ಫ್ರೇಮಿಗೆ ಕೂತಿರುವ ಬಗೆಯನ್ನು ನೋಡಬೇಕು. ಕೆಲವು ನೇರವಾಗಿ ಬೋಲ್ಟಿನಿಂದ ಕೂರುತ್ತವೆ, ಕೆಲವು ತಮ್ಮದೇ ಕಬ್ಬಿಣದ ಪಟ್ಟಿಯೊಡನೆ ಬರುತ್ತವೆ.

ಹ್ಯಾಂಡಲಿನ ಗೇರ್ ಗುಂಡಿಯನ್ನು ಬದಲಾಯಿಸಬೇಕಿಲ್ಲ, ಆದರೆ ಏಳು ಗಾಲಿಗಳಿದ್ದಲ್ಲಿ ಏಳೇ ಇರಬೇಕು. ಒಂದು ಕ್ಲಿಕ್ಕಿಗೆ ವೈರು ಎಷ್ಟು ಎಳೆಯುತ್ತದೆಂಬುದಕ್ಕೂ ಡಿರೇಲರ್ ಎಷ್ಟು ಸರಿಯುತ್ತದೆಂಬುದಕ್ಕೂ ಹೊಂದಾಣಿಕೆ ಬೇಕು. ಶಿಮಾನೊದ ಏಳು, ಎಂಟು, ಒಂಬತ್ತು ಗೇರುಗಳ ಡಿರೇಲರುಗಳು ಸಾಮಾನ್ಯವಾಗಿ ಪರಸ್ಪರ ಹೊಂದುತ್ತವೆ; ಹತ್ತು ಗೇರಿನ ಬೆಟ್ಟದ ಸೈಕಲ್ಲಿನವು ಹೊಂದುವುದಿಲ್ಲ. ಅಗ್ಗದ ಸೈಕಲ್ಲುಗಳಲ್ಲಿ ಗೊಂಚಲು ಮರೆಯಿಂದ ಹಬ್ಬಿಗೆ ಬಿಗಿದ ಫ್ರೀವೀಲ್ ಆಗಿರುತ್ತದೆ, ಕ್ಯಾಸೆಟ್ ಅಲ್ಲ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲವಾದ್ದರಿಂದ ಚಕ್ರವನ್ನೇ ಅಂಗಡಿಗೆ ಒಯ್ಯುವುದು ಲೇಸು.

ಅಪಾಯವಿರುವುದು ಚೈನಿನ ಉದ್ದದಲ್ಲಿ. ಆರು ಹಲ್ಲು ಹೆಚ್ಚಾದಾಗ ಸುಮಾರು ಮೂರು ಕೊಂಡಿಗಳಷ್ಟು ಹೆಚ್ಚಿನ ಚೈನು ಬೇಕಾಗುತ್ತದೆ. ಹಳೆಯ ಚೈನಿನಲ್ಲಿ ಅಷ್ಟು ಮಿಗದಿದ್ದರೆ, ಮುಂದೆಯೂ ಹಿಂದೆಯೂ ದೊಡ್ಡ ಗಾಲಿಗೆ ಬಂದ ಕ್ಷಣದಲ್ಲಿ ಡಿರೇಲರಿನ ತೋಳು ಪೂರ್ತಿ ಮುಂದಕ್ಕೆ ಚಾಚಿ, ಕಿತ್ತು ಸ್ಪೋಕುಗಳೊಳಗೆ ನುಗ್ಗಬಹುದು. ಆ ಜೋಡಿಯನ್ನು ಬಳಸಬೇಡವೆಂದು ಮಗುವಿಗೆ ಹೇಳಿದರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಏದುಸಿರು ಬಿಡುತ್ತ ಗುಂಡಿ ಒತ್ತುವ ಮಗುವಿಗೆ ಆ ಮಾತು ನೆನಪಿರುವುದಿಲ್ಲ. ಆದ್ದರಿಂದ ಹೊಸ ಚೈನನ್ನು ಡಿರೇಲರಿನೊಳಗೆ ಹಾಯಿಸದೆ, ಮುಂದಿನ ಮತ್ತು ಹಿಂದಿನ ದೊಡ್ಡ ಗಾಲಿಗಳ ಮೇಲೆ ನೇರವಾಗಿ ಸುತ್ತಿ ಅಳೆಯಬೇಕು. ತುದಿಗಳು ಸೇರುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು.

ಕೆಲಸ ಮುಗಿದ ಮೇಲೆ ಹಿಂಚಕ್ರವನ್ನು ನೆಲದಿಂದ ಎತ್ತಿ ಹಿಡಿದು, ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಹಿಂದಿನ ದೊಡ್ಡ ಗಾಲಿಯಲ್ಲಿ ಮೇಲಿನ ರಾಟೆಗೂ ಹಲ್ಲಿಗೂ ನಡುವೆ ಐದಾರು ಮಿಲಿಮೀಟರ್ ಅಂತರವಿರಲಿ. ಚೈನು ಆ ಗಾಲಿಯನ್ನೂ ದಾಟಿ ಸ್ಪೋಕುಗಳತ್ತ ಬೀಳದಂತೆ ‘ಎಲ್’ ಗುರುತಿನ ತಿರುಪನ್ನು ಹೊಂದಿಸಿರಬೇಕು. ಮುಂದೆ ಚಿಕ್ಕದು, ಹಿಂದೆ ಚಿಕ್ಕದು ಇರುವಾಗ ಚೈನು ತುಸು ಜೋತುಬಿದ್ದರೆ ಗಾಬರಿಪಡಬೇಕಾಗಿಲ್ಲ. ಆ ಜೋಡಿಯಿಂದ ಏರಿನಲ್ಲಿ ಉಪಯೋಗವಿಲ್ಲ. ಸದ್ದು ಬಂದರೆ ಮಗುವೇ ಗೇರು ಬದಲಾಯಿಸುತ್ತದೆ.