ಬಂದವರ ಸುದ್ದಿ, ಕಲಿತದ್ದರ ಸುದ್ದಿ

ಒಂದು ಧರ್ಮದ ಜನ ಕಲಿಯುವುದಕ್ಕೆಂದೇ ಒಂದೆಡೆ ಕೂಡಿದರೆ ಪತ್ರಿಕೆಗಳು ಏನನ್ನು ಬರೆಯಬೇಕು? ಬಂದವರ ಹೆಸರನ್ನೇ, ಬಾರದವರ ಹೆಸರನ್ನೇ, ಇಲ್ಲವೆ ಅಲ್ಲಿ ನಡೆದ ಕಲಿಕೆಯನ್ನೇ? ಬ್ರಿಟನ್ನಿನ ಯಹೂದಿ ಸಮಾಜದ ‘ಲಿಮ್ಮುದ್’ ಸಮ್ಮೇಳನಕ್ಕೆ ಸಿಕ್ಕ ಪ್ರಚಾರವನ್ನು ನೋಡಿದರೆ ಈ ಪ್ರಶ್ನೆ ಶರಣ ಸಮಾಜದ್ದೂ ಹೌದು ಎನಿಸುತ್ತದೆ.

ಹೀಬ್ರೂ ಭಾಷೆಯಲ್ಲಿ ಲಿಮ್ಮುದ್ ಎಂದರೆ ಕಲಿಕೆ. 1980ರಲ್ಲಿ ನೂರಕ್ಕೂ ಕಡಿಮೆ ಜನರಿಂದ ಆರಂಭವಾದ ಈ ಕೂಟ ಮುಂದೆ ಸಾವಿರಾರು ಜನರನ್ನು ಸೆಳೆಯಿತು. ಹಲವು ದೇಶಗಳಿಗೆ ಹಬ್ಬಿತು. ಡಿಸೆಂಬರ್ ಕೊನೆಯ ರಜೆಯ ದಿನಗಳಲ್ಲಿ ತೋರಾ, ತಾಲ್ಮುದ್‌ಗಳ ಅಧ್ಯಯನದಿಂದ ಹಿಡಿದು ಇತಿಹಾಸ, ಸಂಗೀತ, ರಾಜಕೀಯದವರೆಗೆ ನೂರಾರು ಗೋಷ್ಠಿಗಳು ನಡೆಯುತ್ತವೆ. ನಡೆಸುವವರು ಸ್ವಯಂಸೇವಕರು. ಪಾಠ ಹೇಳುವವರಿಗೆ ಸಂಭಾವನೆಯಿಲ್ಲ. ಎದೆಯ ಮೇಲಿನ ಚೀಟಿಯಲ್ಲಿ ಹೆಸರು ಮಾತ್ರ, ಬಿರುದಿಲ್ಲ, ಪದವಿಯಿಲ್ಲ. ಒಂದು ಗೋಷ್ಠಿಯಲ್ಲಿ ಕಲಿಸಿದವರು ಮುಂದಿನ ಗೋಷ್ಠಿಯಲ್ಲಿ ಕೇಳುಗರಾಗಿ ಕೂರುತ್ತಾರೆ.

ಆದರೆ 2013ರಲ್ಲಿ ದೊಡ್ಡ ಸುದ್ದಿಯಾದದ್ದು ಇದಾವುದೂ ಅಲ್ಲ. ಆ ವರ್ಷ ಬ್ರಿಟನ್ನಿನ ಪ್ರಧಾನ ರಬ್ಬಿಯಾದ ಎಫ್ರಾಯಿಮ್ ಮಿರ್ವಿಸ್ ಅವರು ಸಮ್ಮೇಳನಕ್ಕೆ ಹೋಗುವುದಾಗಿ ಹೇಳಿದರು. ಅವರಿಗಿಂತ ಹಿಂದೆ ಆ ಪೀಠದಲ್ಲಿದ್ದ ಜೊನಾಥನ್ ಸ್ಯಾಕ್ಸ್ ಅವರು ಅಧಿಕಾರದ ಅವಧಿಯಲ್ಲಿ ಅಲ್ಲಿಗೆ ಹೋಗಿರಲಿಲ್ಲ. ಸುಧಾರಣಾವಾದಿ ಪಂಥದವರೊಂದಿಗೆ ವೇದಿಕೆ ಹಂಚಿಕೊಂಡರೆ ಅವರ ಮತವನ್ನು ಒಪ್ಪಿದಂತಾಗುತ್ತದೆ ಎಂಬುದು ಕಟ್ಟಾ ಸಂಪ್ರದಾಯಸ್ಥರ ವಾದ. ಕೆಲವು ಹಿರಿಯ ಧರ್ಮಗುರುಗಳು ಯಾರೂ ಅಲ್ಲಿಗೆ ಹೋಗಬಾರದೆಂದು ಪತ್ರ ಬರೆದರು. ಮಿರ್ವಿಸ್ ಹೋದರು, ಪಾಠ ಹೇಳಿದರು. 1841ರಿಂದ ನಡೆದು ಬಂದಿರುವ ‘ಜ್ಯೂಯಿಷ್ ಕ್ರಾನಿಕಲ್’ ಮೊದಲ್ಗೊಂಡು ಯಹೂದಿ ಪತ್ರಿಕೆಗಳು ಈ ಹೋಗುವ-ಹೋಗದಿರುವ ವಿಷಯವನ್ನು ವಿವರವಾಗಿ ವರದಿ ಮಾಡಿದವು.

ಪತ್ರಿಕೆಗಳದು ತಪ್ಪೆನ್ನಲಾಗದು. ಭಿನ್ನ ಮತದವರು ಒಂದೇ ಸೂರಿನಡಿ ಕೂರಬಹುದೇ ಎಂಬುದು ನಿಜವಾದ ಧಾರ್ಮಿಕ ಪ್ರಶ್ನೆ. ಅದಕ್ಕೆ ಲಿಮ್ಮುದ್ ಕೊಟ್ಟ ಉತ್ತರವೂ ಇದೆ: ಯಾವ ಧಾರ್ಮಿಕ, ರಾಜಕೀಯ ನಿಲುವಿಗೂ ಮಾನ್ಯತೆ ಕೊಡುವುದಾಗಲಿ, ಕಿತ್ತುಕೊಳ್ಳುವುದಾಗಲಿ ತನ್ನ ಕೆಲಸವಲ್ಲ. ಇದರ ಹಿಂದೆ ಹಳೆಯ ಯಹೂದಿ ವಿಚಾರವೊಂದಿದೆ. ದೇವರಿಗಾಗಿ ಮಾಡುವ ವಾದ ಉಳಿಯುತ್ತದೆ, ಸ್ವಂತ ಹಿರಿಮೆಗಾಗಿ ಮಾಡುವ ವಾದ ಅಳಿಯುತ್ತದೆ ಎಂದು ಅವರ ಹಿರಿಯರು ಬಗೆದರು. ಜೀವನವಿಡೀ ಭಿನ್ನಮತ ಹೊಂದಿದ್ದ ಹಿಲ್ಲೆಲ್ ಮತ್ತು ಶಮ್ಮಾಯಿ ಅದಕ್ಕೆ ಅವರು ಕೊಡುವ ಉದಾಹರಣೆ. ವ್ಯಕ್ತಿಯ ಸುತ್ತ ಸುತ್ತಿದ ಸುದ್ದಿ ಈ ವಿಚಾರದವರೆಗೆ ತಲುಪುವುದು ಅಪರೂಪ. ಮುಖ್ಯಸ್ಥರೊಬ್ಬರು ಬಂದುಹೋದದ್ದು ಒಂದು ದಿನದ ಸುದ್ದಿ. ಜನಸಾಮಾನ್ಯರು ಗ್ರಂಥ ಬಿಚ್ಚಿ ಪ್ರಶ್ನೆ ಕೇಳಲು ಕಲಿತದ್ದು ತಲೆಮಾರುಗಳ ಸುದ್ದಿ.

ಈಗ ನಮ್ಮ ಕಡೆಗೆ ಬರೋಣ. ಹುಟ್ಟಿನ, ಕಸುಬಿನ ಅಂತರವನ್ನು ಬದಿಗಿಟ್ಟು ಅನುಭಾವಕ್ಕೆ ಕೂಡುವುದನ್ನು ಹನ್ನೆರಡನೆಯ ಶತಮಾನದಲ್ಲೇ ಕಲ್ಯಾಣ ಕಂಡಿತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ತಡೆದು, ಕಾಯಕದ ಅರ್ಥವನ್ನು ತಿಳಿಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಇಂದಿನ ವರದಿಗಾರ ಅಂದು ಅಲ್ಲಿದ್ದಿದ್ದರೆ ಬಸವಣ್ಣನವರ ಮಹಾಮನೆಗೆ ಯಾರು ಯಾರು ದಯಮಾಡಿಸಿದ್ದರೆಂದು ಬರೆದು, ಲಕ್ಕಮ್ಮನನ್ನು ಬಿಟ್ಟುಬಿಡುತ್ತಿದ್ದನೇನೋ! 2017-18ರ ಪ್ರತ್ಯೇಕ ಧರ್ಮದ ಹೋರಾಟದಲ್ಲೂ ಯಾವ ಶ್ರೀಗಳು ಯಾವ ಕಡೆ, ಯಾವ ಸಮಾವೇಶಕ್ಕೆ ಎಷ್ಟು ಜನ ಎಂಬ ಲೆಕ್ಕ ಮುನ್ನೆಲೆಗೆ ಬಂತು. ಇಷ್ಟಲಿಂಗದ ಅರಿವು, ಜಾತಿಯ ನಿರಾಕರಣೆ, ದಾಸೋಹದ ಹೊಣೆ ಇವು ಹಿಂದೆ ಸರಿದವು. ವೀರಶೈವವೋ ಲಿಂಗಾಯತವೋ ಎಂಬ ವಾದವನ್ನು ವಚನಗಳನ್ನು ಮುಂದಿಟ್ಟುಕೊಂಡು, ಎರಡೂ ಕಡೆಯವರು ಕಲಿಯುವವರಾಗಿ ಒಂದೇ ಚಾಪೆಯ ಮೇಲೆ ಕೂತು ನಡೆಸಲು ಸಾಧ್ಯವಿಲ್ಲವೇ?

ದಿನಪತ್ರಿಕೆಗಳನ್ನು ದೂರಿ ಫಲವಿಲ್ಲ. ನಾವು ತೋರಿಸಿದ್ದನ್ನೇ ಅವು ನೋಡುತ್ತವೆ. ಉದ್ದನೆಯ ವೇದಿಕೆ, ಸಾಲು ಕುರ್ಚಿ, ಮುಗಿಯದ ಸನ್ಮಾನಗಳನ್ನು ತೋರಿಸಿದರೆ ಅದೇ ಸುದ್ದಿ. ಆದ್ದರಿಂದ ಶರಣ ಸಂಗಮ, ಮಾಸಿಕ ಅನುಭಾವ ಗೋಷ್ಠಿಗಳ ವರದಿ ಕಳಿಸುವ ಬಂಧುಗಳಲ್ಲಿ ಒಂದು ಕೋರಿಕೆ. ಮೊದಲು ಅಂದು ಚಿಂತನೆಗೆ ಬಂದ ವಚನ ಯಾವುದೆಂದು ಬರೆಯಿರಿ. ಸಭೆಯಿಂದ ಎದ್ದ ಪ್ರಶ್ನೆ, ದೊರೆತ ಉತ್ತರ, ಉಳಿದ ಭಿನ್ನಾಭಿಪ್ರಾಯವನ್ನು ಬರೆಯಿರಿ. ಅಧ್ಯಕ್ಷತೆ, ಸಾನ್ನಿಧ್ಯ, ಉಪಸ್ಥಿತಿ ಕೊನೆಗಿರಲಿ. ಪ್ರಶ್ನೆಯೇ ಏಳದಿದ್ದರೆ ಅದನ್ನೂ ಬರೆಯಿರಿ; ಮುಂದಿನ ಗೋಷ್ಠಿ ಎಲ್ಲಿಂದ ಶುರುವಾಗಬೇಕೆಂಬುದು ಆಗ ತಿಳಿಯುತ್ತದೆ.