ಸ್ವಂತ ಬೇರಿನ ಹೆಮ್ಮೆ

ಇಟಲಿಯ ವಾಯವ್ಯ ಮೂಲೆಯಲ್ಲಿ, ಮಾಂಟ್ ಬ್ಲಾಂಕ್ ಶಿಖರದ ನೆರಳಿನಲ್ಲಿ, ಮೋರ್ಜೆ ಮತ್ತು ಲಾ ಸಾಲ್ ಎಂಬ ಎರಡು ಪುಟ್ಟ ಊರುಗಳಿವೆ. ಇಲ್ಲಿನ ದ್ರಾಕ್ಷಿತೋಟಗಳು ಸುಮಾರು 900ರಿಂದ 1,200 ಮೀಟರ್ ಎತ್ತರದಲ್ಲಿವೆ. ಬೆಂಗಳೂರಿನವರಿಗೆ ಇದೇನು ಮಹಾ ಎತ್ತರವಲ್ಲ. ಆದರೆ ಅಷ್ಟು ಉತ್ತರದಲ್ಲಿ ಅದು ಹಿಮದ ನೆರೆಮನೆ.

ಬೇಸಿಗೆ ಅಲ್ಲಿ ಕಿರಿದು. ಬೇಗ ಮಾಗುವ ಪ್ರಿಯೆ ಬ್ಲಾಂಕ್ ಎಂಬ ಬಿಳಿ ತಳಿ ಮಾತ್ರ ಅದಕ್ಕೆ ಒಗ್ಗಿಕೊಂಡಿದೆ. ಚಪ್ಪರಗಳನ್ನು ನೆಲಕ್ಕೆ ಹತ್ತಿರವಾಗಿ, ತಗ್ಗಿಸಿ ಕಟ್ಟುತ್ತಾರೆ. ಹಗಲು ಕಾದ ಮಣ್ಣು ರಾತ್ರಿ ಬಳ್ಳಿಯನ್ನು ಬೆಚ್ಚಗಿಡುತ್ತದೆ. ಗಾಳಿಯ, ಹಿಮದ ಹೊಡೆತವೂ ತಗ್ಗುತ್ತದೆ. ರೈತ ಮಾತ್ರ ಬೆನ್ನು ಬಗ್ಗಿಸಿಯೇ ದುಡಿಯಬೇಕು. ತಣ್ಣನೆಯ ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಯುತ್ತವೆ; ಆ ವೈನಿನ ಚುರುಕು ಅದರಿಂದಲೇ.

ಈ ತೋಟಗಳಿಗೆ ಇನ್ನೊಂದು ಖ್ಯಾತಿಯಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿಯನ್ನು ಹಾಳುಗೆಡವಿತು. ಅಮೆರಿಕದ ಬಳ್ಳಿಯ ಬೇರಿಗೇ ಯುರೋಪಿನ ಕಡ್ಡಿಯನ್ನು ಕಸಿ ಕಟ್ಟಿ ಅಲ್ಲಿನವರು ಬದುಕಿಕೊಂಡರು. ಈ ಎತ್ತರದ ಊರುಗಳಿಗೆ ಹೇನು ಮುಟ್ಟಲಿಲ್ಲ. ಇಲ್ಲಿನ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲಿವೆ.

‘ಸ್ವಂತ ಬೇರು’ ಎಂಬುದನ್ನು ವೈನ್ ರಸಿಕರು ಒಂದು ಶುದ್ಧಿಯೆಂಬಂತೆ ಕೊಂಡಾಡುತ್ತಾರೆ. ನನ್ನ ತಕರಾರು ಇಲ್ಲಿಯೇ. ಆ ಬೇರನ್ನು ಉಳಿಸಿದ್ದು ಚಳಿ ಮತ್ತು ಏಕಾಂತ. ಅದು ಭಾಗ್ಯವೇ ಹೊರತು ಬಳ್ಳಿಯ ಸದ್ಗುಣವಲ್ಲ. ಕಸಿಯ ಬಳ್ಳಿಯೇನೂ ಕೀಳಲ್ಲ. ನಮ್ಮ ವಿಜಯಪುರದ ಬೆಳೆಗಾರರೂ ಬರ ಮತ್ತು ಸವಳನ್ನು ತಾಳುವ ಡಾಗ್ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಬೇರು ಯಾವುದೇ ಇರಲಿ, ಹಣ್ಣಿನ ಜಾತಿಯನ್ನು ನಿರ್ಧರಿಸುವುದು ಮೇಲಿನ ಕಡ್ಡಿ.

ವರ್ಗಾವಣೆಯ ನೌಕರಿಯಲ್ಲಿ ಮೂರು ರಾಜ್ಯಗಳನ್ನು ಸುತ್ತಿದ ನನಗೆ ಇದು ಬರಿಯ ತೋಟಗಾರಿಕೆಯ ಮಾತಲ್ಲ. ಹಿಂದಿ ಬೆರೆತ ಕನ್ನಡದಲ್ಲಿ ನನ್ನ ಮಗಳು ಮಾತನಾಡಿದಾಗ, “ಬೇರು ಕಡಿದುಕೊಂಡ ಮಕ್ಕಳು” ಎಂದು ಹಿರಿಯರೊಬ್ಬರು ಸಭೆಯಲ್ಲಿಯೇ ಮರುಗಿದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದಾಗಿದ್ದರೆ ಹೇಳುತ್ತಿದ್ದೆ: ಅವಳು ಕಡಿದ ಬಳ್ಳಿಯಲ್ಲ, ಕಸಿ ಕಟ್ಟಿದ ಬಳ್ಳಿ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ಕಸಿಯ ಕೆಳಗೆ ಬುಡದಿಂದ ಚಿಗುರು ಏಳುತ್ತಲೇ ಇರುತ್ತದೆ. ಚಿವುಟದೆ ಬಿಟ್ಟರೆ ಅದೇ ಬೆಳೆದು ಮೇಲಿನ ಕಡ್ಡಿಯನ್ನು ಸೊರಗಿಸುತ್ತದೆ. ಹೊರನಾಡಿನ ಮನೆಯಲ್ಲಿ ದಿನವೂ ಕನ್ನಡ ಆಡುವುದು, ಓದಿಸುವುದು ಅಂಥ ಆರೈಕೆ. ಬೇರಿಗಾಗಿ ಮರುಗುವುದಕ್ಕಿಂತ ಅದು ಕಷ್ಟ. ಮೋರ್ಜೆಯ ರೈತನಂತೆ ನಾವೂ ಬೆನ್ನು ಬಗ್ಗಿಸಬೇಕಾಗುತ್ತದೆ.