ಹಾರ ಹಾಕಿದ ಮೇಲೆ ಮುಂದೇನು?

ನಮ್ಮ ಕಾಸರಗೋಡಿನ ಕನ್ನಡ ಸಂಘಟನೆಗಳ ಕಾರ್ಯಕ್ರಮ ನೋಡಿದವರಿಗೆಲ್ಲ ಇದು ಗೊತ್ತು. ಮಂತ್ರಿಗಳು ಬರುತ್ತಾರೆ. ನಾವು ಹಾರ ಹಾಕುತ್ತೇವೆ, ಶಾಲು ಹೊದೆಸುತ್ತೇವೆ, ಹತ್ತು ಬೇಡಿಕೆಗಳ ಮನವಿ ಕೊಡುತ್ತೇವೆ. ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಅಲ್ಲಿಗೆ ಮುಗಿಯಿತು! ಆ ಮನವಿ ಯಾವ ಕಚೇರಿಗೆ ಹೋಯಿತು, ಅದಕ್ಕೆ ಯಾವ ನಂಬರು ಬಿತ್ತು, ಈಗ ಯಾರ ಮೇಜಿನ ಮೇಲಿದೆ ಎಂದು ನಾವು ಕೇಳುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬ ಮಂತ್ರಿ, ಅದೇ ಹತ್ತು ಬೇಡಿಕೆ. ದಿನಾಂಕ ಮಾತ್ರ ಬೇರೆ.

ಯಾರನ್ನೋ ದೂರಲಿಕ್ಕೆ ಇದನ್ನು ಬರೆಯುತ್ತಿಲ್ಲ. ನಾವೂ ಇದನ್ನೇ ಮಾಡಿದವರು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರೊಬ್ಬರು ನೇಮಕವಾಗಿ ಬಂದರು. ಅವರದೇನೂ ತಪ್ಪಿಲ್ಲ, ಆರ್ಡರ್ ಸಿಕ್ಕಿತು, ಬಂದರು. ಮಕ್ಕಳು ಮಾತ್ರ ಗಣಿತದ ಪೀರಿಯಡ್‌ನಲ್ಲಿ ಅವರ ಬಾಯಿ ನೋಡುತ್ತ ಕೂತರು. ಪಿಟಿಎಯವರು, ಹಳೆ ವಿದ್ಯಾರ್ಥಿಗಳು ಎಲ್ಲ ಸೇರಿ ಎರಡು ಜೀಪು ತುಂಬ ಜನ ಕಚೇರಿಗೆ ಹೋದೆವು, ಘೋಷಣೆ ಕೂಗಿದೆವು. ಅಧಿಕಾರಿ ಸಮಾಧಾನದಿಂದಲೇ ಮೂರು ಪ್ರಶ್ನೆ ಕೇಳಿದರು. ತರಗತಿಯಲ್ಲಿ ಮಕ್ಕಳೆಷ್ಟು? ಹುದ್ದೆ ಕನ್ನಡ ಮಾಧ್ಯಮದ್ದು ಎಂದು ತೋರಿಸುವ ಕಾಗದ ಎಲ್ಲಿದೆ? ಈ ವಿಷಯ ಮೊದಲೇ ಬರೆದು ತಿಳಿಸಿದ್ದೀರಾ? ಎರಡು ಜೀಪಿನಲ್ಲಿ ಬಂದವರಲ್ಲಿ ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಎರಡನೆಯ ಸಲ ಹೋದದ್ದು ಮೂರೇ ಜನ. ಕೈಯಲ್ಲಿ ಒಂದು ಫೈಲು. ಅದರಲ್ಲಿ ತರಗತಿವಾರು ಲೆಕ್ಕ, ಹಳೆಯ ನೇಮಕಾತಿ ಕಾಗದಗಳ ನಕಲು, ಹೆತ್ತವರ ಸಹಿ. ಪವಾಡವೇನೂ ಆಗಲಿಲ್ಲ. ಆದರೆ ಆ ವರ್ಷದ ಮಟ್ಟಿಗೆ ದಿನಗೂಲಿಯ ಮೇಲೆ ಕನ್ನಡ ಬಲ್ಲ ಟೀಚರೊಬ್ಬರು ಬಂದರು. ಘೋಷಣೆಗೆ ಸಿಗದ್ದು ಫೈಲಿಗೆ ಸಿಕ್ಕಿತು.

ಹಾಗಂತ ಹೋರಾಟ ಬೇಡ ಎನ್ನುತ್ತಿಲ್ಲ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ ದಿನದಿಂದ ಹಿರಿಯರು ಹೋರಾಡದೆ ಇದ್ದಿದ್ದರೆ ಇಂದು ಕನ್ನಡ ಶಾಲೆಗಳ ಗತಿ ಏನಾಗುತ್ತಿತ್ತೋ! ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ಅದು ವರದಿಯಾಗಿಯೇ ಉಳಿಯಿತು. ಆದರೆ ವಿಲೀನಕ್ಕಾಗಿ ಜೀವಮಾನವಿಡೀ ದನಿ ಎತ್ತಿದ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರೂ ಆಗಿದ್ದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು ಎನ್ನುವುದನ್ನು ನಾವು ಮರೆಯುತ್ತೇವೆ. ಭಾಷಣದ ವೇದಿಕೆಯೂ ಬೇಕು, ಪಂಚಾಯತಿನ ಕುರ್ಚಿಯೂ ಬೇಕು ಎಂದು ಅವರಿಗೆ ಗೊತ್ತಿತ್ತು.

ಇನ್ನೊಂದು ಪಾಠ ಕೇರಳದಲ್ಲೇ ಇದೆ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಹುಟ್ಟಿದ್ದು ಮಲಯಾಳದಲ್ಲಿ ವಿಜ್ಞಾನ ಬರೆಯುವವರ ಕೂಟವಾಗಿ. ನಮ್ಮಂಥ ಮಾಸ್ತರರು ಅದರಲ್ಲಿ ಬಹಳ ಮಂದಿ. ಸೈಲೆಂಟ್ ವ್ಯಾಲಿಯ ಅಣೆಕಟ್ಟನ್ನು ವಿರೋಧಿಸುವಾಗ ಅವರು ಕಾಡು ಉಳಿಸಿ ಎಂದು ಕೂಗಿ ಸುಮ್ಮನಾಗಲಿಲ್ಲ. ವಿದ್ಯುತ್ತಿನ ಲೆಕ್ಕ, ಖರ್ಚಿನ ಲೆಕ್ಕ ಹಾಕಿ ವರದಿ ಬರೆದರು, ಊರೂರಿಗೆ ಹೋಗಿ ವಿವರಿಸಿದರು. ಕೊನೆಗೆ ಯೋಜನೆ ಬಿದ್ದುಹೋಗಿ 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದೇ ಪರಿಷತ್ತು ಎರ್ನಾಕುಳಂನಲ್ಲಿ ಜಿಲ್ಲಾಡಳಿತದ ಜೊತೆ ಕೈಜೋಡಿಸಿ ಜನರಿಗೆ ಅಕ್ಷರ ಕಲಿಸಿತು. 1990ರಲ್ಲಿ ಅದು ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿತು. ಒಂದು ಕಡೆ ಸರಕಾರದ ಯೋಜನೆಗೆ ವಿರೋಧ, ಇನ್ನೊಂದು ಕಡೆ ಸರಕಾರದ ಜೊತೆ ದುಡಿಮೆ. ಎರಡಕ್ಕೂ ಬೇಕಾದದ್ದು ಮನೆಪಾಠ. ವಿಷಯ ಗೊತ್ತಿದ್ದವರನ್ನು ಕಚೇರಿಯವರೂ ಕುಳ್ಳಿರಿಸಿ ಮಾತಾಡಿಸುತ್ತಾರೆ.

ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವವರಿದ್ದಾರೆ. ಇದೆ ಮಾರಾಯರೇ! ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಕ್ಕೆ ಮಾತ್ರವಲ್ಲ, ಸ್ಥಳೀಯ ಆಡಳಿತಕ್ಕೂ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿದೆ. ಆದರೆ ಬೇಗ ಕೆಲಸವಾಗಲಿ ಎಂದು ನಾವೇ ಯಾರಿಂದಲೋ ಮಲಯಾಳದಲ್ಲಿ ಅರ್ಜಿ ಬರೆಸುತ್ತೇವೆ. ಕನ್ನಡದ ಅರ್ಜಿಯೇ ಬಾರದಿದ್ದರೆ ಕನ್ನಡ ಬಲ್ಲ ನೌಕರ ಬೇಕೆಂದು ಕಚೇರಿಗೆ ಅನ್ನಿಸುವುದಾದರೂ ಹೇಗೆ?

ಸಮಯದ ವಿಷಯವೂ ಇದೆ. ಇಲ್ಲಿ ಅಧ್ಯಾಪಕರ ಹುದ್ದೆ ನಿಂತಿರುವುದು ಜೂನ್ ತಿಂಗಳ ಆರನೆಯ ಕೆಲಸದ ದಿನ ತೆಗೆಯುವ ಮಕ್ಕಳ ಲೆಕ್ಕದ ಮೇಲೆ. ನಮಗೆ ಕನ್ನಡದ ನೆನಪಾಗುವುದು ನವೆಂಬರ್ ಒಂದಕ್ಕೆ! 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯದ ಸುಗ್ರೀವಾಜ್ಞೆ ಹೊರಬಿದ್ದ ಮೇಲೆ ಬೀದಿಗಿಳಿದೆವು. ಬೀದಿಗಿಳಿದದ್ದು ಸರಿಯೇ. ಆದರೆ ಕರಡು ತಯಾರಾಗುವಾಗ ನಮ್ಮ ಪರವಾಗಿ ಒಂದು ಟಿಪ್ಪಣಿ ಕೊಡಲು ತಿರುವನಂತಪುರದಲ್ಲಿ ಯಾರಿದ್ದರು?

ಸರಕಾರದ ಹತ್ತಿರ ಹೋದರೆ ಆಳುವ ಪಕ್ಷದ ಬಾಲವಾಗುತ್ತೇವೆ ಎಂಬ ಹೆದರಿಕೆ ಕೆಲವರದು. ಹೆದರಿಕೆ ಸುಳ್ಳಲ್ಲ, ಅಂಥ ಸಂಘಗಳನ್ನು ನೋಡಿದ್ದೇವೆ. ಅದಕ್ಕೇ ನಂಟು ಮಂತ್ರಿಯ ಜೊತೆಗಲ್ಲ, ಕಚೇರಿಯ ಜೊತೆಗಿರಲಿ. ಐದು ವರ್ಷಕ್ಕೆ ಮಂತ್ರಿ ಬದಲಾಗುತ್ತಾರೆ, ಫೈಲು ಅಲ್ಲೇ ಇರುತ್ತದೆ. ಮಂಜೇಶ್ವರದ ಶಾಸಕರಾಗಿ ಗೆದ್ದ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡಾಗ ನಮಗೆಲ್ಲ ಸಂತೋಷವಾಯಿತು. ಆದರೆ ಯಾವ ಶಾಸಕರೇ ಇರಲಿ, ಸದನದಲ್ಲಿ ಪ್ರಶ್ನೆ ಕೇಳಬೇಕಾದರೆ ಅಂಕಿಅಂಶ ಬೇಕು. ಅದನ್ನು ಕೊಡಬೇಕಾದವರು ನಾವು.

ಹಾಗಾಗಿ ಪ್ರತಿ ಕನ್ನಡ ಶಾಲೆಯ ಪಿಟಿಎ ಒಂದು ಪುಸ್ತಕ ಇಡಲಿ. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ಹುದ್ದೆ ಎಂದಿನಿಂದ ಖಾಲಿ, ಯಾವ ಅರ್ಜಿಗೆ ಯಾವ ನಂಬರು, ಉತ್ತರ ಬಂತೇ ಇಲ್ಲವೇ ಎಂದು ಬರೆದಿಡಲಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಸಾಕು, 30 ದಿನದೊಳಗೆ ಉತ್ತರಿಸಬೇಕು. ಗ್ರಾಮಸಭೆಗೆ ಹೆತ್ತವರು ತಪ್ಪದೆ ಹೋಗಲಿ, ಶಾಲೆಯ ವಿಷಯ ಎತ್ತಲಿ, ಅದು ನಿರ್ಣಯದ ಪುಸ್ತಕದಲ್ಲಿ ಬರೆದಾಗುವವರೆಗೆ ಎದ್ದು ಬಾರದಿರಲಿ. ಸರಕಾರಿ ಸಂಬಳ ಪಡೆಯುವ ಮಾಸ್ತರರಿಗೆ ಎಲ್ಲ ಕಡೆ ಬಾಯಿ ತೆರೆಯುವುದು ಕಷ್ಟ, ಹೆತ್ತವರಿಗೆ ಆ ತೊಡಕಿಲ್ಲ.

ಮಂತ್ರಿಗಳು ಬಂದರೆ ಹಾರ ಹಾಕೋಣ, ಅದು ನಮ್ಮ ಮರ್ಯಾದೆ. ಆದರೆ ಮನವಿಯ ಜೊತೆ ಹಿಂದಿನ ವರ್ಷದ ಮನವಿಯ ನಂಬರನ್ನೂ ಕೊಡೋಣ. ಅಂದು ಗಣಿತದ ಪೀರಿಯಡ್‌ನಲ್ಲಿ ಬಾಯಿ ನೋಡುತ್ತ ಕೂತ ಮಕ್ಕಳಿಗೆ ನಾವು ಕೊಡಬೇಕಾದ ಲೆಕ್ಕ ಇನ್ನೂ ಬಾಕಿ ಇದೆ.